ಫಿನಾಯಿಲ್ ಫಕೀರಪ್ಪನ ಹತ್ತೊಂಬತ್ತನೇ ಕಂತು

ಜೂನ್ 3, ಮಂಗಳವಾರ, ಹುಮನಾಬಾದ

ಇವತ್ತು ಟಿವಿಯವನೊಬ್ಬ ಮನೆಗೆ ಬಂದಿದ್ದ. ಹೆಸರು ಗುರುಶಾಂತ. ಕಲಬುರಗಿ ಕಡೆಯವನೇ, ಈಗ ಬೆಂಗಳೂರಿನಲ್ಲಿ ಕೂತು ಹಾಸ್ಯ ಧಾರಾವಾಹಿ ಬರೆಯುತ್ತಾನಂತೆ. ಕೊಲೆಯಾದ ಮನೆ, ನೇಣು ಹಾಕಿಕೊಂಡ ಕೋಣೆ, ನಾಲ್ಕು ದಿನ ಬಾಗಿಲು ತೆರೆಯದ ಲಾಡ್ಜು, ಇಂಥವನ್ನೆಲ್ಲ ತೊಳೆದು ಕೊಡುವ ಒಬ್ಬ ಮನುಷ್ಯನ ಮೇಲೆ ಧಾರಾವಾಹಿ ಮಾಡುತ್ತಾರಂತೆ. ನನ್ನ ವಿಷಯವನ್ನು ಎಲ್ಲೋ ಪೇಪರಿನಲ್ಲಿ ಓದಿದ್ದನಂತೆ. ಇದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳಿದೆ. ಅದನ್ನು ನಿಮ್ಮಿಂದಲೇ ಕೇಳಿ ತಿಳಿಯೋಣ ಅಂತ ಬಂದೆ ಎಂದ. ಮಾತು ಚಾಲಾಕಿಯದಾಗಿತ್ತು. ಕುರ್ಚಿ ಹಾಕಿದೆ.

ಕೆಲಸದ ವಿಷಯ ಹೇಳಿದೆ. ಪೊಲೀಸರ ಪಂಚನಾಮೆ ಮುಗಿದು ಮನೆಯವರ ಕೈಗೆ ಕೀಲಿ ಬಂದ ಮೇಲೆಯೇ ನಾವು ಹೋಗುವುದು. ಮೊದಲು ತಣ್ಣೀರು ಮತ್ತು ಉಪ್ಪು. ಬಿಸಿನೀರು ಸುರಿದೆವೋ, ರಕ್ತ ಕಲ್ಲಿಗೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಯಾರಪ್ಪ ಬಂದರೂ ಹೋಗುವುದಿಲ್ಲ. ಶಹಾಬಾದಿ ಕಲ್ಲಿನ ನೆಲವಾದರೆ ಸಂದಿಗಳನ್ನು ಕೆರೆದು ಹೊಸದಾಗಿ ಸಿಮೆಂಟು ತುಂಬಬೇಕು. ಫಿನಾಯಿಲ್ ಕಟ್ಟಕಡೆಗೆ. ಇಷ್ಟೆಲ್ಲ ಹೇಳಿದರೆ ಆ ಮನುಷ್ಯ ಫಿನಾಯಿಲ್ ಎನ್ನುವುದನ್ನು ಮಾತ್ರ ಎರಡು ಸಲ ಬರೆದುಕೊಂಡ.

ಶೈಲೇಶನಿಗೆ ಇದು ಸೇರಲಿಲ್ಲ. ಶೈಲೇಶ ನನ್ನ ಟೆಂಪೋ ಓಡಿಸುತ್ತಾನೆ, ಬಕೆಟ್ಟು ಎತ್ತುತ್ತಾನೆ, ಬಿಡುವಿದ್ದಾಗ ನನ್ನ ಗಂಡನೂ ಹೌದು. ನಮ್ಮಪ್ಪ ಸತ್ತ ದನ ಎಳೆಯೋದು ಬಿಟ್ಟು ಬೌದ್ಧ ದೀಕ್ಷೆ ತೆಗೆದುಕೊಂಡ, ನೀನು ಸತ್ತ ಮನುಷ್ಯರ ಹಿಂದೆ ಬಿದ್ದೆ, ಈಗ ಅದನ್ನು ಟಿವಿಯಲ್ಲಿ ಬೇರೆ ತೋರಿಸಬೇಕೇ ಎಂದ. ನಿಮ್ಮಪ್ಪನನ್ನು ಊರಿನವರು ಬಾ ಎಂದು ಕೂಗುತ್ತಿದ್ದರು, ನನ್ನನ್ನು ಬರ್ರಿ ಎಂದು ಕರೆಯುತ್ತಾರೆ ಎಂದೆ. ಹನ್ನೊಂದು ವರ್ಷದಿಂದ ಇದೇ ಜಗಳ, ಇಬ್ಬರಿಗೂ ಬಾಯಿಪಾಠವಾಗಿದೆ.

ಮನೆಗಳ ವಿಷಯವನ್ನು ಮಾತ್ರ ಗುರುಶಾಂತನಿಗೆ ಹೇಳಲಿಲ್ಲ. ಈ ವಹಿಯಲ್ಲೂ ನಾನು ಮನೆಯವರ ಹೆಸರು ಬರೆಯುವುದಿಲ್ಲ. ನೆಲ ತೊಳೆದವಳಿಗೆ ಆ ಮನೆಯ ಮಾತು ಹೊರಗೆ ಒಯ್ಯುವ ಹಕ್ಕಿಲ್ಲ.

ಜೂನ್ 11, ಬುಧವಾರ

ಒಂದು ಮನೆ. ಹುಡುಗಿ, ಹತ್ತೊಂಬತ್ತು ವರ್ಷ. ಮೂರು ತಾಸು ಹಿಡಿಯಿತು. ಸ್ನಾನ ಮಾಡಿದೆ, ಊಟ ಬೇಡವಾಯಿತು.

ಜೂನ್ 22, ರವಿವಾರ

ಬಸವಕಲ್ಯಾಣಕ್ಕೆ ಹೋಗಿ ವಜೀರಬಿ ಖಾಲಾನನ್ನು ನೋಡಿಕೊಂಡು ಬಂದೆ. ಸಂಬಂಧವೇನಿಲ್ಲ, ಚಿಕ್ಕಮ್ಮ ಎನ್ನುವಂತೆ ಖಾಲಾ ಎನ್ನುತ್ತೇನೆ. ಕೆಲಸ ಮುಗಿದ ಮೇಲೆ ನಾನು ಮತ್ತೆ ಹೊಸ್ತಿಲು ತುಳಿದ ಮನೆ ಇದೊಂದೇ. ಬೇರೆಯವರು ನನ್ನನ್ನು ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ. ಅದು ಸೊಕ್ಕಲ್ಲ, ನನ್ನ ಮುಖ ಕಂಡರೆ ಆ ದಿನ ನೆನಪಾಗುತ್ತದೆ, ನನಗದು ಗೊತ್ತು. ಖಾಲಾ ಮಾತ್ರ ಕೆಲಸವಾದ ಎಂಟನೇ ದಿನಕ್ಕೆ ತಾವೇ ಫೋನ್ ಮಾಡಿ, ಬೇಟಿ, ಒಮ್ಮೆ ಬಂದು ಹೋಗು, ಮನಿ ಭಾಳ ಸುಮ್ಮನಾಗ್ಯದ ಎಂದಿದ್ದರು. ಅಂದಿನಿಂದ ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇನೆ.

ಕಿಲ್ಲೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಹೋದ ವರ್ಷ ಅವರ ಒಬ್ಬನೇ ಮಗ ಸೋಹೇಲನನ್ನು ಜೊತೆಗೆ ಓದಿದ ಗೆಳೆಯನೇ ಅದೇ ಮನೆಯಲ್ಲಿ ಕೂತು ಚಹಾ ಕುಡಿದು, ಮಾತಿಗೆ ಮಾತು ಬೆಳೆದು, ಚಾಕು ಹಾಕಿದ. ಖಾಲಾ ಅವತ್ತು ಹುಲಸೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಗೆಳೆಯ ಜೈಲಿನಲ್ಲಿದ್ದಾನೆ, ಕೇಸು ನಡೆಯುತ್ತಿದೆ. ಖಾಲಾ ಅದರ ಬಗ್ಗೆ ಮಾತಾಡುವುದಿಲ್ಲ. ನನ್ನ ಮಂಡಿ ನೋವಿನ ಬಗ್ಗೆ ಮಾತಾಡುತ್ತಾರೆ, ಶೈಲೇಶನ ಜಗಳದ ವಿಷಯ ಹೇಳಿದರೆ ಅವನ ಪರ ವಹಿಸಿ ನನ್ನನ್ನೇ ಬೈಯುತ್ತಾರೆ.

ಜುಲೈ 30, ಬುಧವಾರ

ಧಾರಾವಾಹಿಗೆ ಒಪ್ಪಿಗೆ ಸಿಕ್ಕಿದೆ. ಹೆಸರು ‘ಫಿನಾಯಿಲ್ ಫಕೀರಪ್ಪ’. ಅಂದರೆ ನಾನು ಗಂಡಸಾಗಿದ್ದೇನೆ. ಯಾಕಪ್ಪಾ ಎಂದು ಕೇಳಿದರೆ ಗುರುಶಾಂತ ನಾಚಿಕೆಯಿಲ್ಲದೆ ಹೇಳಿದ: “ಗಂಡಸು ನೆಲ ಒರಸಿದ್ರ ಜನ ನಗ್ತಾರ ಅಕ್ಕಾ. ಹೆಂಗಸು ಒರಸಿದ್ರ ಅದು ಮನಿಗೆಲಸ.”

ಮೈಯೆಲ್ಲ ಉರಿಯಿತು. ಆದರೆ ಸುಳ್ಳು ಹೇಳಲಿಲ್ಲ ಹುಡುಗ. ನಮ್ಮ ಕಡೆಯ ಮಾತನ್ನು ಬೆಂಗಳೂರಿನ ನಟರ ಬಾಯಲ್ಲಿ ಕೂರಿಸಲು ಯಾರಾದರೂ ಬೇಕಲ್ಲ, ಆ ಕೆಲಸ ನನಗೆ. ಬರೆದದ್ದನ್ನು ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ, ನಾನು ತಿದ್ದಿ, ಹೇಗೆ ಹೇಳಬೇಕೆಂದು ದನಿಯಲ್ಲಿ ಹೇಳಿ ಕಳಿಸಬೇಕು. ಬಿ.ಎ. ಓದಿದ್ದಕ್ಕೆ ಮೊದಲ ಸಲ ಉಪಯೋಗ ಬಂತು. ತೆರೆಯ ಮೇಲೆ ಹೆಸರೂ ಬರುತ್ತದಂತೆ: ಭಾಷೆ ಮತ್ತು ಕಸುಬಿನ ಸಲಹೆ, ಆಮ್ರಪಾಲಿ. ಶೈಲೇಶನಿಗೆ ಎರಡು ಸಲ ಓದಿ ಹೇಳಿದೆ. ಮೊದಲ ಸಲಕ್ಕೇ ಕೇಳಿಸಿತು ಎಂದ.

ಆಗಸ್ಟ್ 12, ಮಂಗಳವಾರ

ಗುರುಶಾಂತ ಮೂರು ದಿನ ಇಲ್ಲೇ ಇದ್ದು ಇವತ್ತು ಹೋದ. ಕೇಳುವುದರಲ್ಲಿ ಆ ಹುಡುಗ ನಿಪುಣ. ನಡುವೆ ಬಾಯಿ ಹಾಕುವುದಿಲ್ಲ, ನಗಬೇಕಾದಲ್ಲಿ ನಗುತ್ತಾನೆ, ನಕ್ಕರೆ ಹೊಟ್ಟೆ ಹಿಡಿದುಕೊಂಡೇ ನಗುತ್ತಾನೆ. ನಾನು ಇಷ್ಟು ಚೆನ್ನಾಗಿ ಕಥೆ ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು, ತೆರೆದದ್ದೇ ತಡ ಎಲ್ಲ ಸುರಿಯಿತು. ಹೆಸರು ಹೇಳಲಿಲ್ಲ. ಊರು ಒಂದೆರಡು ಹೇಳಿರಬಹುದು.

ನಿನ್ನೆ ಸಸ್ತಾಪುರ ಬಂಗ್ಲಾದ ಹತ್ತಿರ ಟೆಂಪೋ ನಿಲ್ಲಿಸಿ ಚಹಾ ಕುಡಿಯುವಾಗ ಖಾಲಾನ ಮನೆಯ ಕಥೆಯನ್ನೂ ಹೇಳಿಬಿಟ್ಟೆ. ಅವತ್ತು ನಾನು ಒಳಕೋಣೆಯಲ್ಲಿ ಮಂಚದ ಕೆಳಗಿನ ಮೂಲೆ ತೊಳೆಯುತ್ತಿದ್ದೆ. ಖಾಲಾ ಹೊರಗೆ ಹೋಗಲು ಒಪ್ಪದೆ ಗೋಡೆಗೆ ಒರಗಿ ಕೂತಿದ್ದರು. ಹಳೇ ಟ್ರಂಕಿನ ಹಿಂದೆ ಒಂದು ಹಿತ್ತಾಳೆಯ ಪಾನದಾನ, ಎಲೆ ಅಡಿಕೆಯ ಡಬ್ಬಿ, ಸಿಕ್ಕಿತು. ಅದು ಅವರ ತಾಯಿಯ ಪಾನದಾನ, ಕಳೆದುಹೋಗಿ ಎರಡು ವರ್ಷವಾಗಿತ್ತು. ಕದ್ದವಳು ಪಕ್ಕದ ಮನೆಯ ಜೈನಬಿಯೇ ಎಂದು ಖಾಲಾ ಓಣಿಗೆಲ್ಲ ಕೇಳುವಂತೆ ಬೈದು ಮಾತು ಬಿಟ್ಟಿದ್ದರು. ಮುಚ್ಚಳ ತೆಗೆದರೆ ಒಳಗೆ ತುಂಬಾ ಗುಟಖಾ ಚೀಟಿ. ಬಿಟ್ಟೆ ಬಿಟ್ಟೆ ಎಂದು ತಾಯಿಯ ತಲೆ ಮುಟ್ಟಿ ಆಣೆ ಮಾಡಿದ ಸೋಹೇಲ ಅದರಲ್ಲಿ ಬಚ್ಚಿಟ್ಟಿದ್ದ.

ಖಾಲಾ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಉಸಿರು ಒಳಕ್ಕೆ ಎಳೆದುಕೊಂಡಂತೆ ಸಣ್ಣ ಸದ್ದು ಬಂತು. ಅಳುತ್ತಾರೆ ಎಂದುಕೊಂಡೆ. ಸೆರಗು ಬಾಯಿಗೆ ತುರುಕಿಕೊಂಡು ನಗಲು ಶುರು ಮಾಡಿದರು. ಅಂಗೈಯಿಂದ ನೆಲ ಬಡಿದು ಬಡಿದು ನಕ್ಕರು. ಕಳ್ಳ ಮನ್ಯಾಗೇ ಇದ್ದ, ನಾ ಊರೆಲ್ಲ ಹುಡುಕಿದೆ ಎಂದು ಮತ್ತೆ ನಕ್ಕರು. ನನಗೂ ತಡೆಯಲಾಗಲಿಲ್ಲ. ತೊಳೆಯದೆ ಉಳಿದಿದ್ದ ನೆಲದ ಮುಂದೆ ಕೂತು ಇಬ್ಬರೂ ನಕ್ಕೆವು. ಆಮೇಲೆ ಖಾಲಾ ನನ್ನ ಮುಂಗೈ ಹಿಡಿದು, “ಇಲ್ಲಿಂದು ಇಲ್ಲೇ ಇರ್ಲಿ ಬೇಟಿ,” ಎಂದರು. ಸತ್ತ ಮಗನನ್ನು ಯಾರೂ ಕಳ್ಳ ಎನ್ನಬಾರದಲ್ಲ. ಜೈನಬಿಯೂ ಸಾವಿಗೆ ಬಂದು ಅಪ್ಪಿಕೊಂಡು ಅತ್ತು, ಹಳೆಯದೆಲ್ಲ ಮರೆತಿದ್ದರು.

ಗುರುಶಾಂತ ಇದಕ್ಕೆ ನಗಲಿಲ್ಲ. ಇದು ಬಂಗಾರ ಅಕ್ಕಾ ಎಂದ. ಇದನ್ನು ಉಪಯೋಗಿಸಬಾರದು, ಕೇಳಿದ್ದಕ್ಕೆ ಹೇಳಿದೆ ಅಷ್ಟೇ ಎಂದೆ. ಆಯ್ತು ಎಂದ.

ಸೆಪ್ಟೆಂಬರ್ 7, ರವಿವಾರ

ನಿನ್ನೆ ಮೊದಲ ಕಂತು, ಇವತ್ತು ಎರಡನೆಯದು. ಶನಿವಾರ, ರವಿವಾರ ಸಂಜೆ ಏಳಕ್ಕೆ. ಎರಡನ್ನೂ ಖಾಲಾನ ಮನೆಯಲ್ಲೇ ನೋಡಿದೆ. ನನ್ನ ಹೆಸರು ತೆರೆಯ ಮೇಲೆ ಓಡಿ ಹೋಯಿತು, ಓದುವಷ್ಟರಲ್ಲಿ ಇಲ್ಲ. ಜೈನಬಿ ಅದನ್ನು ಮತ್ತೆ ತೋರಿಸೆಂದು ಟಿವಿಗೆ ಬೈದರು.

ಫಕೀರಪ್ಪ ರಬ್ಬರ್ ಬೂಟು ಜಾರಿ ಬಕೆಟ್ಟಿನಲ್ಲಿ ಕೂತುಬಿಟ್ಟಾಗ ಜೈನಬಿಗೆ ನಗು ತಡೆಯದೆ ಕೆಮ್ಮು ಹತ್ತಿತು. ಖಾಲಾ ನಗಲಿಲ್ಲ. ಆ ಪಾನದಾನದ ದಿನದ ನಂತರ ಅವರು ನಕ್ಕಿದ್ದನ್ನು ನಾನು ಕಂಡಿಲ್ಲ. ಆದರೆ ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ, ನಮ್ಮ ಹುಡುಗಿ ಬರೆದ ಮಾತು ಜಗತ್ತೇ ಕೇಳಾಕತ್ತದ ಎಂದು ಜೈನಬಿಗೆ ಹೇಳಿದರು. ನಾನು ಬರೆದದ್ದಲ್ಲ, ತಿದ್ದಿದ್ದು ಎಂದರೂ ಕೇಳಲಿಲ್ಲ.

ಎಂದೂ ಸಂಜೆ ಬಾಗಿಲು ತೆರೆಯದ ಮನೆ. ಈಗ ವಾರಕ್ಕೆರಡು ಸಂಜೆ ಇಬ್ಬರು ಕೂತು ಟಿವಿ ನೋಡುತ್ತಾರೆ. ನನ್ನಿಂದ ಆಯಿತಲ್ಲ ಎಂದು ಬಸ್ಸಿನಲ್ಲಿ ಬರುವಾಗ ಖುಷಿಪಟ್ಟೆ.

ಸೆಪ್ಟೆಂಬರ್ 25, ಗುರುವಾರ

ನಿರ್ಣಾದಲ್ಲಿ ಚನ್ನಬಸಪ್ಪ ಮಾಸ್ತರರ ಮನೆ. ಮದುವೆ ಮಾಡಿಕೊಳ್ಳದ ಮನುಷ್ಯ, ಸತ್ತು ಐದು ದಿನಕ್ಕೆ ಗೊತ್ತಾಗಿದೆ. ವಾಸನೆಗೆ ಶೈಲೇಶ ಮೂರು ಸಲ ಹೊರಗೆ ಓಡಿದ. ಒಳಗೆ ನಾವು ಹಾಸಿಗೆ ಸುತ್ತುತ್ತಿದ್ದರೆ ಹೊರಗೆ ತಮ್ಮನ ಮಕ್ಕಳು ಫ್ರಿಜ್ಜಿಗಾಗಿ ಜಗಳ. ಒಬ್ಬ ಕಿಟಕಿಯಿಂದ ಇಣುಕಿ, ಅಕ್ಕಾರೆ, ಫ್ರಿಜ್ಜಿಗೂ ವಾಸನಿ ಹಿಡದದೇನ್ರಿ ಎಂದು ಕೇಳಬೇಕೇ! ಹಿಡಿದಿದ್ದರೆ ತಮ್ಮನಿಗೆ ಕೊಡುತ್ತಾನಂತೆ, ಇಲ್ಲದಿದ್ದರೆ ತಾನೇ ಇಟ್ಟುಕೊಳ್ಳುತ್ತಾನಂತೆ. ಎಂಥ ಸೀನು! ಅಂಗಳಕ್ಕೆ ಬಂದವಳೇ ಗ್ಲೌಸು ಕಳಚಿ ಗುರುಶಾಂತನಿಗೆ ದನಿ ಕಳಿಸಿದೆ, ಇಬ್ಬರು ಅಣ್ಣತಮ್ಮಂದಿರ ದನಿಯನ್ನೂ ಮಾಡಿ. ಮಾಸ್ತರರ ತಂಗಿ ಬೇವಿನ ಗಿಡದ ಕೆಳಗೆ ನಿಂತು ನೋಡುತ್ತಿದ್ದಳು. ಕೇಳಿಸಿರಲಿಕ್ಕಿಲ್ಲ. ಕೇಳಿಸಿದ್ದರೂ ಅವಳ ಬಗ್ಗೆ ಏನೂ ಹೇಳಿರಲಿಲ್ಲ.

ಮನೆಗೆ ಬಂದ ಮೇಲೆ ಶೈಲೇಶ, ಮೊದಲೆಲ್ಲ ನೀ ಬಂದವಳೇ ಮೈ ತೊಳಕೋತಿದ್ದಿ, ಈಗ ಕಥಿ ಹೇಳ್ತಿ ಎಂದ. ಅವನಿಗೆ ಹಾಸ್ಯ ಅನ್ನುವುದು ಹುಟ್ಟಿನಿಂದಲೇ ಇಲ್ಲ.

ಅಕ್ಟೋಬರ್ 2, ಗುರುವಾರ

ಧಮ್ಮದೀಕ್ಷೆಯ ದಿನ. ವಿಹಾರಕ್ಕೆ ಬಿಳಿ ಸೀರೆ ಉಟ್ಟು ಹೋದೆ. ವಂದನೆ ಮುಗಿದ ಮೇಲೆ ಹೆಂಗಸರೆಲ್ಲ ಸುತ್ತ ನೆರೆದು ಮುಂದೆ ಏನಾಗುತ್ತದೆ ಹೇಳು ಎಂದರು. ನಿರ್ಣಾದ ಫ್ರಿಜ್ಜಿನ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕರು. ಮೊದಲು ಇದೇ ಹೆಂಗಸರು ನಾನು ಪಕ್ಕದಲ್ಲಿ ಕೂತರೆ ಒಂಚೂರು ಸರಿದು ಕೂರುತ್ತಿದ್ದರು.

ಅಕ್ಟೋಬರ್ 9, ಗುರುವಾರ

ಹತ್ತೊಂಬತ್ತನೇ ಕಂತಿನ ಬರಹ ಬಂತು. ಓದುತ್ತ ಹೋದಂತೆ ರಕ್ತ ಕುದಿಯಿತು. ಖಾಲಾನ ಮನೆಯದೇ ಕಥೆ, ಆದರೆ ಯಾವ ನಮೂನೆ ಕೆಡಿಸಿದ್ದಾನೆ! ಫಕೀರಪ್ಪ ಬಿಸಿನೀರಿನ ಕೊಡ ತಂದು ನೆಲಕ್ಕೆ ಸುರಿಯುತ್ತಾನೆ. ಪಾನದಾನ ಅಡುಗೆಮನೆಯ ಅಟ್ಟದಿಂದ ಅವನ ತಲೆಯ ಮೇಲೆ ಬೀಳುತ್ತದೆ. ತಾಯಿ ಬಂದು ಹಲ್ಲು ಕಿರಿದು ಹಾಹಾ ಎಂದು ನಗುತ್ತಾಳೆ, ನಾಟಕದ ರಾಕ್ಷಸಿಯ ಹಾಗೆ. ಇದು ನನ್ನ ಹೆಸರಿನಲ್ಲಿ ಹೋಗಬೇಕೇ?

ಕೂತು ಎಲ್ಲ ತಿದ್ದಿದೆ. ತಣ್ಣೀರು, ಉಪ್ಪು. ಮಂಚದ ಕೆಳಗಿನ ಮೂಲೆ, ಟ್ರಂಕಿನ ಹಿಂದೆ. ತಾಯಿ ಗೋಡೆಗೆ ಒರಗಿ ಕೂತಿರಬೇಕು. ಆ ನಗು ಬರೆದರೆ ಯಾರಿಗೂ ತಿಳಿಯುವುದಿಲ್ಲವೆಂದು ನಾನೇ ನೆಲದ ಮೇಲೆ ಕೂತು, ಉಸಿರು ಎಳೆದು, ಸೆರಗು ತುರುಕಿ, ನೆಲ ಬಡಿದು ನಕ್ಕು ಫೋನಿನಲ್ಲಿ ದನಿ ಹಿಡಿದೆ. ಮೊದಲೆರಡು ಸಲ ಸರಿ ಬರಲಿಲ್ಲ. ಮೂರನೆಯ ಸಲ ಬಂತು, ಥೇಟ್ ಖಾಲಾ. ಕಳಿಸಿದೆ. ಗುರುಶಾಂತ, ನಟಿಗೆ ಇದನ್ನೇ ಕೇಳಿಸುತ್ತೇನೆ ಎಂದು ಉತ್ತರ ಹಾಕಿದ.

ಅಕ್ಟೋಬರ್ 10, ಶುಕ್ರವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಇದನ್ನು ಖಾಲಾ ಮತ್ತು ಜೈನಬಿ ಒಟ್ಟಿಗೆ ಕೂತು ನೋಡುತ್ತಾರೆ. ಪಾನದಾನ, ಗುಟಖಾ, ಪಕ್ಕದ ಮನೆಯವಳ ಮೇಲೆ ಕಳವಿನ ಮಾತು. ಜೈನಬಿಗೆ ತಿಳಿಯದೆ ಇರಲು ಅವರೇನು ಕುರುಡರೇ? ನಾನು ತಿದ್ದದೆ ಬಿಟ್ಟಿದ್ದರೆ ಯಾವ ಮನೆಯದೋ ಆಗಿರುತ್ತಿತ್ತು. ನನ್ನ ಕೈಯಾರೆ ಖಾಲಾನ ಮನೆ ಮಾಡಿಟ್ಟಿದ್ದೇನೆ.

ಗುರುಶಾಂತನಿಗೆ ಏಳು ಸಲ ಫೋನ್ ಮಾಡಿದೆ. ಕೊನೆಗೆ ಎತ್ತಿದ. ಕಂತು ತೆಗೆಯಲು ಆಗುವುದಿಲ್ಲ, ಸೋಮವಾರ ಚಿತ್ರೀಕರಣ ಎಂದ. ಉಪಯೋಗಿಸುವುದಿಲ್ಲ ಎಂದಿದ್ದೆಯಲ್ಲ ಎಂದು ಬೈದೆ. ನೀವೇ ತಿದ್ದಿ ಕಳಿಸಿದಿರಲ್ಲ ಅಕ್ಕಾ, ಒಪ್ಪಿಗೆ ಅಂದುಕೊಂಡೆ ಎಂದ. ಆದರೂ ಬಿಡಲಿಲ್ಲ, ಪಾನದಾನವನ್ನಾದರೂ ತೆಗೆ ಎಂದು ಹಿಡಿದು ಕೂತೆ. ಏನು ಇಡಲಿ ಎಂದ. ಕುಕ್ಕರ್ ಇಡು ಎಂದೆ, ಕಳೆದುಹೋದ ಕುಕ್ಕರು, ಅದರೊಳಗೆ ಗುಟಖಾದ ಬದಲು ಲಾಟರಿ ಚೀಟಿ. ಕುಕ್ಕರ್ ಇನ್ನೂ ಚಲೋ ಅಕ್ಕಾ ಎಂದು ಅವನಿಗೇ ಖುಷಿಯಾಯಿತು. ಪಕ್ಕದ ಮನೆಯವಳನ್ನೂ ತೆಗೆಸಿ ನಾದಿನಿಯನ್ನು ಹಾಕಿಸಿದೆ.

ಈಗ ಉಸಿರಾಡಿದೆ. ಜೈನಬಿಗೆ ಯಾವ ಗುರುತೂ ಸಿಗುವುದಿಲ್ಲ. ಸೋಹೇಲನ ಹೆಸರಿಗೆ ಕಲೆ ತಗಲುವುದಿಲ್ಲ. ಖಾಲಾಗೆ ನಾನು ಕೊಟ್ಟ ಮಾತು ಉಳಿಯಿತು.

ಅಕ್ಟೋಬರ್ 27, ಸೋಮವಾರ

ನಟಿಯ ತುಣುಕು ಕಳಿಸಿದ್ದಾರೆ. ಬೆಂಗಳೂರಿನವಳು ಹೌದೋ ಅಲ್ಲವೋ ಎನ್ನುವಂತೆ ಮಾಡಿದ್ದಾಳೆ, ಉಸಿರು ಎಳೆಯುವುದರಿಂದ ಹಿಡಿದು ನೆಲ ಬಡಿಯುವವರೆಗೆ. ಹೆಮ್ಮೆಯಾಯಿತು. ಶೈಲೇಶನಿಗೆ ತೋರಿಸಿದೆ. ಖಾಲಾ ನಕ್ಕ ದಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ಅವನೂ ನಿಂತಿದ್ದ. ನೋಡಿ ಫೋನು ಹಿಂದೆ ಕೊಟ್ಟ. ಖಾಲಾಗೆ ಹೇಳೀಯೇನು ಎಂದು ಕೇಳಿದ. ಏನು ಹೇಳಬೇಕು, ಈಗ ಅದರಲ್ಲಿ ಅವರದೇನೂ ಇಲ್ಲವಲ್ಲ ಎಂದೆ. ಅವನು ಎದ್ದು ಟೆಂಪೋ ತೊಳೆಯಲು ಹೋದ.

ನವೆಂಬರ್ 8, ಶನಿವಾರ

ನಾಳೆ ಬರೆಯುತ್ತೇನೆ.

ನವೆಂಬರ್ 9, ರವಿವಾರ

ಬರೆಯಲೇಬೇಕು, ಇಲ್ಲವಾದರೆ ತಲೆ ಸಿಡಿಯುತ್ತದೆ.

ನಿನ್ನೆ ಆರು ಗಂಟೆಗೇ ಕಲ್ಯಾಣ ಮುಟ್ಟಿದೆ. ಖಾಲಾ ನನಗೆಂದು ಮಿರ್ಚಿ ಕರಿದಿದ್ದರು. ಜೈನಬಿ ಮೊದಲೇ ಬಂದು ಗೋಡೆಯ ಕಡೆ ಜಾಗ ಹಿಡಿದಿದ್ದರು. ಕಂತು ಶುರುವಾಯಿತು. ಕೊಲೆಯಾದ ಹುಡುಗ, ಸಾವಾಗಿ ಮೂರನೇ ದಿನ, ಫಕೀರಪ್ಪ ಬಂದ. ತಣ್ಣೀರು, ಉಪ್ಪು. ಮಂಚ. ಟ್ರಂಕು. ಖಾಲಾ ನೆಟ್ಟಗೆ ಕೂತರು. ಕುಕ್ಕರ್ ಹೊರಬಂದಾಗ ಮತ್ತೆ ಒರಗಿದರು. ನೋಡು, ಕುಕ್ಕರ್ ಎಂದದ್ದು ಎಷ್ಟು ಒಳ್ಳೆಯದಾಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲೆ ಆ ನಟಿ ಉಸಿರು ಒಳಕ್ಕೆ ಎಳೆದುಕೊಂಡಳು.

ಜೈನಬಿ ಮೊದಲು ತೊಡೆ ತಟ್ಟಿ ನಕ್ಕರು. “ನೋಡೇ ವಜೀರಬಿ, ಥೇಟ್ ನಿನ್ನಂಗೇ ನಗ್ತಾಳ! ನೀನೂ ಹಿಂಗೇ ನೆಲ ಬಡೀತಿದ್ದಿ,” ಎಂದರು. ಅವರಿಗೆ ಇಪ್ಪತ್ತೈದು ವರ್ಷದಿಂದ ಆ ನಗು ಗೊತ್ತು. ಇದು ನನಗೆ ಹೊಳೆದೇ ಇರಲಿಲ್ಲ. ನಟಿ ನಗುತ್ತಲೇ ಇದ್ದಳು, ಹಿಂದಿನಿಂದ ಪ್ರೇಕ್ಷಕರ ನಗುವಿನ ಸದ್ದನ್ನೂ ಸೇರಿಸಿದ್ದರು. ಸ್ವಲ್ಪ ಹೊತ್ತಿಗೆ ಜೈನಬಿಯ ಮುಖ ಸಣ್ಣಗಾಯಿತು.

“ಮಗ ಮಣ್ಣಾಗಿ ಮೂರು ದಿನ ಆಗಿಲ್ಲ. ಅವನ ರಕ್ತದ ಮುಂದ ಕುಂತು ನಗ್ತಾಳಲ್ಲ, ಇಕಿ ಎಂಥಾ ತಾಯಿ? ಇಂಥವು ಯಾಕ ತೋರಸ್ತಾರೋ,” ಎಂದರು.

ಖಾಲಾ ಟಿವಿಯನ್ನೇ ನೋಡುತ್ತಿದ್ದರು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಿತ್ತು. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಎನಿಸಿತು. ಕಂತು ಮುಗಿಯಿತು, ಜೈನಬಿ ನಮಾಜಿಗೆ ಹೊತ್ತಾಯಿತೆಂದು ಎದ್ದು ಹೋದರು. ಖಾಲಾ ಬಾಗಿಲು ಮುಂದೆ ಮಾಡಿ ಬಂದು ಕೂತರು. ನಾನು ಏನೇನೋ ಹೇಳಿದೆ, ನಟಿಗೆಂದು ಆ ನಗುವನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದನ್ನೂ. ಪಾನದಾನ ತೆಗೆಸಿದ್ದು, ಪಕ್ಕದ ಮನೆಯವಳನ್ನು ತೆಗೆಸಿದ್ದು, ಸೋಹೇಲನ ಹೆಸರಿಗೆ ಏನೂ ಬರದಂತೆ ನೋಡಿಕೊಂಡದ್ದು. ಅವರು ಎಲ್ಲವನ್ನೂ ಕೇಳಿದರು.

“ಪಾನದಾನದ್ದು ಬೇಕಾದ್ರ ಹೇಳ್ಬೇಕಿತ್ತು ಬೇಟಿ. ಜೈನಬಿಗೆ ಅದನ್ನ ನಾ ಹೋದ ರಂಜಾನಿನ್ಯಾಗೇ ಹೇಳಿ ಮಾಫಿ ಕೇಳೀನಿ. ನನ್ನ ನಗಿ ಯಾಕ ಕೊಟ್ಟಿ ಅವರಿಗೆ?”

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನು ಕಾಲು ಹಿಡಿದುಕೊಂಡು ಅತ್ತುಬಿಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಆ ದಿನ ನನ್ನ ಮುಂಗೈ ಹಿಡಿದು ಅವರು ಬಚ್ಚಿಡು ಎಂದದ್ದು ಹಿತ್ತಾಳೆಯ ಡಬ್ಬಿಯನ್ನಲ್ಲ. ಮಗನ ರಕ್ತದ ಮುಂದೆ ತಾಯಿ ನಕ್ಕಳು ಎನ್ನುವುದನ್ನು. ಅದನ್ನು ಬಿಟ್ಟು ಮಿಕ್ಕದ್ದೆಲ್ಲವನ್ನೂ ಉಳಿಸಿ ನಾನು ಮೆರೆದೆ.

ಮಿರ್ಚಿ ಹಾಗೇ ಇತ್ತು. ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಖಾಲಾ, ಬಸ್ ಹೋದೀತು, ನಡಿ ಎಂದರು.

ನವೆಂಬರ್ 11, ಮಂಗಳವಾರ

ಗುರುಶಾಂತನ ಫೋನು. ಇಲ್ಲಿಯವರೆಗೆ ಬಂದದ್ದರಲ್ಲಿ ಇದೇ ಎಲ್ಲರಿಗೂ ಹಿಡಿಸಿದ ಕಂತಂತೆ. ಆ ನಗುವಿನ ತುಣುಕನ್ನಷ್ಟೇ ಕತ್ತರಿಸಿ ಬೇರೆ ಹಾಕಿದ್ದಾರಂತೆ, ಜನ ಸ್ಟೇಟಸ್ಸಿಗೆ ಇಟ್ಟುಕೊಳ್ಳುತ್ತಿದ್ದಾರಂತೆ. ಇಂಥದ್ದು ಇನ್ನೊಂದು ಕೊಡಿ ಅಕ್ಕಾ ಎಂದ.

ಅದನ್ನು ತೆಗೆಸು ಎಂದೆ. ತನ್ನ ಕೈಯಲ್ಲಿಲ್ಲ, ಚಾನೆಲ್ಲಿನವರ ಕೈಯಲ್ಲಿದೆ ಎಂದ. ನಿಜವೇ ಇರಬಹುದು. ನಾನು ಬಾಯಿಗೆ ಬಂದಂತೆ ಬೈದೆ. ಹುಡುಗ ಸುಮ್ಮನೆ ಕೇಳಿಸಿಕೊಂಡ, ತಪ್ಪಾಯ್ತು ಎಂದ. ಅವನ ಮೇಲೆ ಸಿಟ್ಟು ನಿಲ್ಲುತ್ತಿಲ್ಲ. ಅವನು ಅಲ್ಲಿ ಇರಲಿಲ್ಲ, ನಾನಿದ್ದೆ. ಇನ್ನು ಮುಂದೆ ಬರಹ ಕಳಿಸಬೇಡ ಎಂದು ಫೋನು ಇಟ್ಟ ಮೇಲೆ ನೋಡಿದರೆ ಶೈಲೇಶ ಚಹಾ ಮಾಡಿ ತಂದಿಟ್ಟಿದ್ದ. ನಾ ಮೊದಲೇ ಹೇಳಿರಲಿಲ್ಲವೇ ಎಂದು ಹಂಗಿಸಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನವೆಂಬರ್ 13, ಗುರುವಾರ

ಹೆದ್ದಾರಿಯ ಹತ್ತಿರ ಒಂದು ಕೋಣೆ. ಗಂಡಸು. ನಾಲ್ಕು ತಾಸು.

ಖಾಲಾಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ನವೆಂಬರ್ 16, ರವಿವಾರ

ಇವತ್ತು ಮಧ್ಯಾಹ್ನ ಅವರೇ ಫೋನ್ ಮಾಡಿದರು. ಬಾ ಎಂದರು, ಅಷ್ಟೇ.

ಸಂಜೆ ಹೋದಾಗ ಜೈನಬಿಯ ಮನೆಯಿಂದ ಫಕೀರಪ್ಪನ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಖಾಲಾನ ಟಿವಿಯ ಮೇಲೆ ಬಟ್ಟೆ ಮುಚ್ಚಿತ್ತು. ನೀರು ಕೊಟ್ಟರು. ಮಂಡಿ ಹೇಗಿದೆ ಎಂದು ಕೇಳಿದರು. ಆಮೇಲೆ, ನಟಿಗೆ ನೀ ಏನ ಕಳಿಸಿದ್ದಿ ಅದು ಇನ್ನೂ ಫೋನಿನ್ಯಾಗ ಅದ ಏನು ಎಂದರು. ಇದೆ ಎಂದೆ. ಹಚ್ಚು ಎಂದರು.

ಫೋನನ್ನು ಇಬ್ಬರ ನಡುವೆ ನೆಲದ ಮೇಲೆ ಇಟ್ಟೆ. ನನ್ನ ದನಿಯಲ್ಲಿ ಅವರ ನಗು ಬಂತು. ಖಾಲಾ ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಎಂದರು. ಮೂರನೇ ಸಲ ಕೇಳುವಾಗ ಅವರ ಅಂಗೈ ತಾನಾಗಿ ನೆಲದ ಮೇಲೆ ಬಂದು ಕೂತಿತು, ಬಡಿಯಲಿಲ್ಲ.

“ನಾ ಹ್ಯಾಂಗ ನಕ್ಕಿದ್ದೆ ಅಂತ ನಂಗೇ ನೆನಪಿರಲಿಲ್ಲ,” ಎಂದರು. “ಅವ ನನ್ನ ನಗಿಸಿದ್ದು ಅದೇ ಕಡೀ ಸಲ.”

ನನಗೆ ಅಳು ಬಂತು. ಅಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಾಗದೆ ತಡೆದುಕೊಂಡೆ. ಅದು ನನ್ನದೇ ನಗಿ ಅಂತ ಜೈನಬಿಗೆ ಗೊತ್ತಾಯಿತಾ ಎಂದು ಅವರು ಕೇಳಿದರು. ಇಲ್ಲ, ನಿಮ್ಮಂತೆ ನಗುತ್ತಾಳೆ ಎಂದರಷ್ಟೇ ಎಂದೆ. ಆದರೆ ಮುಂದೆ ಕೇಸಿನ ದಿನ ಕೋರ್ಟಿನಲ್ಲಿ, ಓಣಿಯಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ಅವರು ನಕ್ಕದ್ದನ್ನು ಕೇಳಿದರೆ ಆ ಕಂತು ನೆನಪಾಗಬಹುದು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವರೇ, ಇನ್ನ ಹಂಗ ನಗೂದಿಲ್ಲ ಬಿಡು ಎಂದರು.

ಅಳಿಸು ಎಂದರು. ಅವರ ಎದುರಿಗೇ ಅಳಿಸಿದೆ, ಗುರುಶಾಂತನಿಗೆ ಕಳಿಸಿದ್ದನ್ನೂ ನನ್ನ ಫೋನಿನಿಂದ ತೆಗೆದೆ. ಫೋನು ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ, ಆದರೂ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದರು.

“ಈಗ ಎಲ್ಲಾ ಕಡಿಂದನೂ ಹೋಯ್ತಾ?”

ಹೌದು ಎಂದುಬಿಡಬಹುದಿತ್ತು. ಅಷ್ಟು ಹೇಳಿದ್ದರೆ ಈ ರಾತ್ರಿ ಅವರು ನಿದ್ದೆ ಮಾಡುತ್ತಿದ್ದರು.

ಇಲ್ಲ ಖಾಲಾ ಎಂದೆ. ಹೋಗಿಲ್ಲ, ಹೋಗೋದೂ ಇಲ್ಲ.